ಒಂದೇ ಭಾನುವಾರದ ಓಟ, ಬೇರೆ ಬೇರೆ ರೇಸುಗಳು: ಒವೈರಾಕಾ ಗುಂಪಿನ ಪ್ರಕರಣ

1960ರ ಸೆಪ್ಟೆಂಬರ್ 2, ರೋಮ್ ಒಲಿಂಪಿಕ್ಸ್. 800 ಮೀಟರ್ ಫೈನಲ್‌ನಲ್ಲಿ ನ್ಯೂಜಿಲೆಂಡ್‌ನ ಪೀಟರ್ ಸ್ನೆಲ್ ಚಿನ್ನ ಗೆದ್ದರು. ವಯಸ್ಸು 21. ಅವರ ದೇಶದ ಹೊರಗೆ ಆ ಹೆಸರು ಹೆಚ್ಚು ಜನ ಕೇಳಿರಲಿಲ್ಲ. ಒಂದು ಗಂಟೆಯೊಳಗೆ ಅದೇ ಟ್ರ್ಯಾಕಿನಲ್ಲಿ 5000 ಮೀಟರ್ ಚಿನ್ನವೂ ನ್ಯೂಜಿಲೆಂಡ್‌ಗೇ ಹೋಯಿತು. ಗೆದ್ದವರು ಮರ್ರೇ ಹಾಲ್ಬರ್ಗ್. ಎಂಟು ದಿನ ಕಳೆದು, ಸೆಪ್ಟೆಂಬರ್ 10ರಂದು, ಮ್ಯಾರಥಾನ್‌ನಲ್ಲಿ ಬ್ಯಾರಿ ಮಗೀ ಮೂರನೆಯವರಾಗಿ ಬಂದರು. ಆ ಮ್ಯಾರಥಾನ್ ಜನರಿಗೆ ನೆನಪಿರುವುದು ಬರಿಗಾಲಲ್ಲಿ ಓಡಿ ಗೆದ್ದ ಇಥಿಯೋಪಿಯಾದ ಅಬೆಬೆ ಬಿಕಿಲಾ ಅವರಿಂದ. ಮಗೀ ಹೆಸರು ಅಲ್ಲೇ ಮರೆಯಾಗಿಬಿಡುತ್ತದೆ.

ನನಗೆ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅನಿಸುತ್ತದೆ. 800 ಮೀಟರ್ ಅಂದರೆ ಎರಡು ಲ್ಯಾಪ್, ಎರಡು ನಿಮಿಷವೂ ಇಲ್ಲ. ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್, ಅದರ ಐವತ್ತು ಪಟ್ಟಿಗಿಂತ ಜಾಸ್ತಿ ದೂರ. ಈ ಮೂವರೂ ಆಕ್ಲೆಂಡ್ ನಗರದಲ್ಲಿ ಒಬ್ಬನೇ ಕೋಚ್ ಕೈಕೆಳಗೆ ತಯಾರಾದವರು. ಭಾನುವಾರ ಬಂದರೆ ಮೂವರೂ ಒಂದೇ ದಾರಿಯಲ್ಲಿ ಓಡುತ್ತಿದ್ದರು. ಆಗ ಇಡೀ ನ್ಯೂಜಿಲೆಂಡ್‌ನ ಜನಸಂಖ್ಯೆ ಸುಮಾರು 24 ಲಕ್ಷ. ಅದರಲ್ಲಿ ಒಂದು ಊರು, ಊರಿನಲ್ಲಿ ಒವೈರಾಕಾ ಅನ್ನುವ ಒಂದು ಬಡಾವಣೆ, ಅದರಲ್ಲಿ ಒಂದು ಓಟದ ಕ್ಲಬ್.

ನಾನೂ ಒಂದು ರನ್ನಿಂಗ್ ಗುಂಪಿನಲ್ಲಿದ್ದೇನೆ. ನಮ್ಮಲ್ಲಿ ಕೆಲವರಿಗೆ 5 ಕಿಲೋಮೀಟರ್ ರೇಸ್ ಇಷ್ಟ, ಕೆಲವರು ಹಾಫ್ ಮ್ಯಾರಥಾನ್ ಓಡುತ್ತಾರೆ, ಇಬ್ಬರು ಫುಲ್ ಮ್ಯಾರಥಾನ್ ಹಿಂದೆ ಬಿದ್ದಿದ್ದಾರೆ, ಒಬ್ಬರು ಗುಡ್ಡ ಹತ್ತುವ ಟ್ರೈಲ್ ರೇಸ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಪ್ರತಿ ಸೀಸನ್‌ನಲ್ಲೂ ಒಂದೇ ಪ್ರಶ್ನೆ ಏಳುತ್ತದೆ: ರೇಸ್ ಬೇರೆ ಬೇರೆ ಇರುವಾಗ ಒಟ್ಟಿಗೆ ಪ್ರಾಕ್ಟೀಸ್ ಮಾಡುವುದರಲ್ಲಿ ಅರ್ಥ ಇದೆಯಾ? ಅಥವಾ ಸುಮ್ನೆ ಜೊತೆಗೆ ಸಿಕ್ಕಿ, ಮಾತಾಡಿ, ಅವರವರ ದಾರಿ ಹಿಡಿಯಬೇಕಾ? ಈ ಪ್ರಶ್ನೆ ಇಟ್ಟುಕೊಂಡೇ ನಾನು ಒವೈರಾಕಾ ಕಥೆಯನ್ನು ಮತ್ತೆ ಮತ್ತೆ ಓದಿದ್ದು.

ಕೋಚ್ ಹೆಸರು ಆರ್ಥರ್ ಲಿಡಿಯಾರ್ಡ್. ಹುಟ್ಟಿದ್ದು 1917ರಲ್ಲಿ, ಆಕ್ಲೆಂಡ್‌ನಲ್ಲೇ. ಕೆಲಸ ಬೂಟು ತಯಾರಿಸುವ ಕಾರ್ಖಾನೆಯಲ್ಲಿ. ಅದರ ಜೊತೆಗೆ ಹಾಲು ಹಾಕುವ ಕೆಲಸವನ್ನೂ ಮಾಡಿದವರು. ಕ್ರೀಡೆಯ ವಿಷಯದಲ್ಲಿ ಯಾವ ಪದವಿಯೂ ಇರಲಿಲ್ಲ. ರಗ್ಬಿ ಆಡುತ್ತಿದ್ದರು, ತಾನು ಗಟ್ಟಿಮುಟ್ಟಾಗಿದ್ದೇನೆ ಅಂದುಕೊಂಡಿದ್ದರು. ಒಂದು ದಿನ ಲಿನ್‌ಡೇಲ್ ಅನ್ನುವ ಓಟದ ಕ್ಲಬ್‌ನ ಜ್ಯಾಕ್ ಡೋಲನ್ ಎಂಬವರು ಲಿಡಿಯಾರ್ಡ್ ಅವರನ್ನು ಐದು ಮೈಲಿ, ಅಂದರೆ 8 ಕಿಲೋಮೀಟರ್, ಓಟಕ್ಕೆ ಕರೆದುಕೊಂಡು ಹೋದರು. ಡೋಲನ್ ವಯಸ್ಸಿನಲ್ಲಿ ದೊಡ್ಡವರು. ಆದರೂ ಏದುಸಿರು ಬಿಟ್ಟು ಸುಸ್ತಾದವರು ಲಿಡಿಯಾರ್ಡ್. ಈಗಲೇ ಹೀಗಾದರೆ ಇನ್ನು ಇಪ್ಪತ್ತು ವರ್ಷಕ್ಕೆ ನನ್ನ ಗತಿ ಏನು ಅನ್ನುವ ಚಿಂತೆ ಅಲ್ಲಿಂದ ಶುರುವಾಯಿತು.

ಆಮೇಲೆ ಅವರು ಮಾಡಿದ ಕೆಲಸ ನನಗೆ ತುಂಬಾ ಹಿಡಿಸುತ್ತದೆ. ಬೇರೆಯವರ ಮೇಲೆ ಪ್ರಯೋಗ ಮಾಡಲಿಲ್ಲ. ವರ್ಷಗಟ್ಟಲೆ ತನ್ನ ಮೈಮೇಲೆಯೇ ಮಾಡಿಕೊಂಡರು. ಒಂದು ವಾರ ಕಡಿಮೆ ಓಡಿ ನೋಡಿದರು, ಇನ್ನೊಂದು ವಾರ ವಿಪರೀತ ಓಡಿ ನೋಡಿದರು. ಒಮ್ಮೊಮ್ಮೆ ವಾರಕ್ಕೆ 250 ಮೈಲಿ, ಅಂದರೆ 400 ಕಿಲೋಮೀಟರ್‌ವರೆಗೂ ಹೋದರು. ಯಾವ ಮಟ್ಟಕ್ಕೆ ದೇಹ ಬಲವಾಗುತ್ತದೆ, ಎಲ್ಲಿಂದ ಮುರಿಯಲು ಶುರುವಾಗುತ್ತದೆ ಅಂತ ಹೀಗೆ ಹುಡುಕಿದರು. ಕೊನೆಗೆ ನಿಂತದ್ದು ವಾರಕ್ಕೆ ಸುಮಾರು 100 ಮೈಲಿ, 160 ಕಿಲೋಮೀಟರ್ ಹತ್ತಿರ. 1953ರಲ್ಲೂ 1955ರಲ್ಲೂ ಅವರೇ ನ್ಯೂಜಿಲೆಂಡ್ ಮ್ಯಾರಥಾನ್ ಚಾಂಪಿಯನ್.

ಈ ಓಟ ನೋಡಿ ಅಕ್ಕಪಕ್ಕದ ಹುಡುಗರು ಜೊತೆಗೂಡಿದರು. ಪ್ರಪಂಚ ಸುತ್ತಿ ಪ್ರತಿಭೆ ಹುಡುಕಿ ತಂದದ್ದಲ್ಲ. ಹಾಲ್ಬರ್ಗ್‌ಗೆ 17ರ ವಯಸ್ಸಿನಲ್ಲಿ ರಗ್ಬಿ ಆಡುವಾಗ ಎಡ ತೋಳಿಗೆ ಕೆಟ್ಟ ಪೆಟ್ಟು ಬಿದ್ದಿತ್ತು. ಆ ತೋಳು ಮತ್ತೆ ಸರಿಹೋಗಲೇ ಇಲ್ಲ. ಓಡುವಾಗ ಅದು ಮೈಗೆ ಅಂಟಿಕೊಂಡ ಹಾಗೆ ಇರುತ್ತಿತ್ತು. ಸ್ನೆಲ್ ಶಾಲೆಯಲ್ಲಿ ಟೆನಿಸ್, ರಗ್ಬಿ, ಕ್ರಿಕೆಟ್ ಎಲ್ಲ ಆಡಿದ ಹುಡುಗ. ಆಮೇಲೆ ಕಟ್ಟಡಗಳ ಖರ್ಚಿನ ಲೆಕ್ಕ ಹಾಕುವ ಕೆಲಸ ಕಲಿಯುತ್ತಿದ್ದರು. ಆ ಕಾಲದ ಓಟಗಾರರಿಗೆ ಓಟದಿಂದ ಸಂಬಳ ಇರಲಿಲ್ಲ. ಕೆಲಸ ಮುಗಿಸಿ ಬಂದು ಓಡಬೇಕು, ಅಷ್ಟೆ.

ವಾರದ ದೊಡ್ಡ ಓಟ ಭಾನುವಾರ. ಲಿಡಿಯಾರ್ಡ್ ಮನೆಯ ಕಡೆಯಿಂದ ಹೊರಟು ವೈಟಾಕೆರೆ ಬೆಟ್ಟಸಾಲಿನ ವೈಯಾಟರುವಾ ಹತ್ತಿ, ಸುತ್ತಿಕೊಂಡು ವಾಪಸ್. ಒಟ್ಟು 22 ಮೈಲಿ, ಅಂದರೆ 35 ಕಿಲೋಮೀಟರ್. ಸಪಾಟಾದ ದಾರಿ ಅಲ್ಲ, ಏರು ಇಳಿತ ತುಂಬಿದ ರಸ್ತೆ. ಮ್ಯಾರಥಾನ್ ಓಡುವವನು ಇದನ್ನು ಓಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅದೇ ಗುಂಪಿನಲ್ಲಿ 800 ಮೀಟರ್ ಓಡುವ ಸ್ನೆಲ್ ಇದ್ದರು! ಆಗಿನ ಕಾಲದಲ್ಲಿ 800 ಮೀಟರ್ ಓಟಗಾರರು ಟ್ರ್ಯಾಕಿನಲ್ಲಿ 200, 400 ಮೀಟರ್ ತುಣುಕುಗಳನ್ನು ಜೋರಾಗಿ ಓಡಿ, ಸ್ವಲ್ಪ ನಿಂತು, ಮತ್ತೆ ಓಡುವ ಇಂಟರ್ವಲ್ ಪದ್ಧತಿಯನ್ನೇ ಹೆಚ್ಚಾಗಿ ನಂಬಿದ್ದರು. ಎರಡು ಲ್ಯಾಪಿನ ಓಟಗಾರನನ್ನು 35 ಕಿಲೋಮೀಟರ್ ಬೆಟ್ಟದ ದಾರಿಗೆ ಹಚ್ಚುವುದು ಹುಚ್ಚು ಅಂತ ಅಂದುಕೊಂಡವರೇ ಹೆಚ್ಚು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಲಿಡಿಯಾರ್ಡ್ ಎಲ್ಲರಿಗೂ ವರ್ಷಪೂರ್ತಿ ಒಂದೇ ಪ್ರಾಕ್ಟೀಸ್ ಕೊಟ್ಟರು ಅಂತ ಕೆಲವರು ಹೇಳುತ್ತಾರೆ. ಅದು ಅರ್ಧ ನಿಜ. ಮೊದಲ ಕೆಲವು ತಿಂಗಳು, ಬುನಾದಿ ಹಾಕುವ ಕಾಲದಲ್ಲಿ, ಎಲ್ಲರೂ ಒಂದೇ. ವಾರಕ್ಕೆ 160 ಕಿಲೋಮೀಟರ್, ದಮ್ಮು ಕಟ್ಟದ ಆದರೆ ಗಟ್ಟಿಯಾದ ವೇಗ. ಸೋಮಾರಿ ಓಟ ಅಲ್ಲ, ರೇಸ್ ಕೂಡ ಅಲ್ಲ. ಅದಾದ ಮೇಲೆ ಕೆಲವು ವಾರ ಏರಿನ ಓಟ. ಗುಡ್ಡದ ಮೇಲೆ ಮಂಡಿ ಎತ್ತಿ ಪುಟಿಯುತ್ತಾ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಕಾಲಿಗೆ ಬಲ ಬರಲಿ ಅಂತ. ಆಮೇಲೆ ಟ್ರ್ಯಾಕಿಗೆ ಬಂದು ಜೋರು ಓಟ. ಕೊನೆಯ ವಾರಗಳಲ್ಲಿ ಅವರವರ ರೇಸಿಗೆ ತಕ್ಕ ಹಾಗೆ ಹದ ಮಾಡುವುದು. ದಾರಿ ಕವಲೊಡೆಯುತ್ತಿದ್ದದ್ದು ಈ ಕೊನೆಯ ಹಂತಗಳಲ್ಲಿ. ಎರಡು ಲ್ಯಾಪಿನವನು ಒಂದು ಕಡೆ, ಮ್ಯಾರಥಾನ್‌ನವನು ಇನ್ನೊಂದು ಕಡೆ.

ಇಡೀ ಲೆಕ್ಕ ರೇಸಿನ ದಿನದಿಂದ ಹಿಂದಕ್ಕೆ ಎಣಿಸಿದ್ದು. ಇಂಥ ದಿನ ಮೈ ಪೂರ್ತಿ ಹದದಲ್ಲಿರಬೇಕು ಅಂದರೆ ಟ್ರ್ಯಾಕ್ ಯಾವಾಗ ಶುರುವಾಗಬೇಕು, ಗುಡ್ಡ ಯಾವಾಗ, ಬುನಾದಿ ಯಾವಾಗ ಅಂತ. ಮಧ್ಯದಲ್ಲಿ ಸಣ್ಣಪುಟ್ಟ ರೇಸ್ ಸೋತರೂ ಲಿಡಿಯಾರ್ಡ್ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ಕ್ಲಬ್ ಓಟಗಾರರಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಪ್ರತಿ ತಿಂಗಳೂ ಒಂದು ಮೆಡಲ್ ಬೇಕು ನಮಗೆ.

ಈಗ ರೋಮ್‌ಗೆ ಬರೋಣ. ಲಿಡಿಯಾರ್ಡ್ ತಂಡದ ಅಧಿಕೃತ ಕೋಚ್ ಆಗಿ ಹೋಗಿರಲಿಲ್ಲ. ಸ್ನೆಲ್ ಅಂತೂ ಫೈನಲ್ ತಲುಪಿದರೆ ಅದೇ ದೊಡ್ಡದು ಅನ್ನುವ ಹಾಗಿದ್ದರು. ಆ ಸಲ 800 ಮೀಟರ್‌ನಲ್ಲಿ ನಾಲ್ಕು ಸುತ್ತು ಇತ್ತು, ಮೂರು ದಿನದಲ್ಲಿ ನಾಲ್ಕು ರೇಸ್. ಮೊದಲ ದಿನವೇ ಎರಡು. ನನ್ನ ಪ್ರಕಾರ ಇಡೀ ಪ್ರಕರಣದ ಗುಟ್ಟು ಇಲ್ಲಿದೆ. ಒಂದೇ ರೇಸ್ ಆಗಿದ್ದರೆ ವೇಗ ಹೆಚ್ಚಿರುವವನು ಗೆಲ್ಲಬಹುದಿತ್ತು. ನಾಲ್ಕು ರೇಸ್ ಅಂದರೆ ಪ್ರತಿ ಸಲ ಬೇಗ ಚೇತರಿಸಿಕೊಂಡವನದ್ದೇ ಮೇಲುಗೈ. ಉಳಿದವರು ಸುತ್ತಿನಿಂದ ಸುತ್ತಿಗೆ ಬಳಲುತ್ತಿದ್ದಾಗ ಸ್ನೆಲ್ ಇನ್ನೂ ಗಟ್ಟಿಯಾಗುತ್ತಾ ಹೋದರು.

ಫೈನಲ್‌ನಲ್ಲಿ ಎದುರಿಗಿದ್ದವರು ಬೆಲ್ಜಿಯಂನ ರೋಜರ್ ಮೋಯೆನ್ಸ್. 1955ರಿಂದ ವಿಶ್ವದಾಖಲೆ ಅವರ ಹೆಸರಿನಲ್ಲಿತ್ತು. ಕೊನೆಯ ನೇರದಲ್ಲಿ ಮೋಯೆನ್ಸ್ ಮುಂದಿದ್ದರು. ಯಾರು ಬರುತ್ತಿದ್ದಾರೆ ಅಂತ ಹೊರಗಿನ ಕಡೆ ನೋಡಿದರು. ಸ್ನೆಲ್ ಬಂದದ್ದು ಒಳಗಿನಿಂದ. 1 ನಿಮಿಷ 46.3 ಸೆಕೆಂಡ್, ಒಲಿಂಪಿಕ್ ದಾಖಲೆ.

ಹಾಲ್ಬರ್ಗ್ ಓಡಿದ್ದು ಬೇರೆ ರೀತಿಯ ಓಟ. ನಾಲ್ಕು ವರ್ಷ ಮುಂಚೆ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಫೈನಲ್ ಓಡಿ 11ನೆಯವರಾಗಿದ್ದರು. ರೇಸ್ ಬದಲಾಯಿಸಿ 5000ಕ್ಕೆ ಬಂದರು. 1958ರಲ್ಲಿ ಕಾರ್ಡಿಫ್‌ನಲ್ಲಿ ಮೂರು ಮೈಲಿ ಓಟ ಗೆದ್ದರು. ರೋಮ್‌ನಲ್ಲಿ ಎಲ್ಲರೂ ಕೊನೆಯ ಲ್ಯಾಪಿಗೆ ಕಾಯುತ್ತಿದ್ದಾಗ ಇವರು ಮೂರು ಲ್ಯಾಪ್ ಬಾಕಿ ಇರುವಾಗಲೇ ಹೊರಟುಬಿಟ್ಟರು. ಅಂದರೆ 1200 ಮೀಟರ್ ಒಬ್ಬರೇ ಮುಂದೆ. ಕೊನೆಯ ಲ್ಯಾಪಿನಲ್ಲಿ ಕಾಲು ಸೋಲುತ್ತಿತ್ತು, ಹಿಂದಿನಿಂದ ಜರ್ಮನಿಯ ಹಾನ್ಸ್ ಗ್ರೊಡೊಟ್ಸ್ಕಿ ಹತ್ತಿರ ಬರುತ್ತಿದ್ದರು. ಆದರೂ 13 ನಿಮಿಷ 43.4 ಸೆಕೆಂಡಿಗೆ ಗೆರೆ ದಾಟಿ, ಅಲ್ಲೇ ಟ್ರ್ಯಾಕಿನ ಪಕ್ಕದ ಹುಲ್ಲಿನ ಮೇಲೆ ಬಿದ್ದುಬಿಟ್ಟರು. ಭಾನುವಾರದ ಬೆಟ್ಟದ ದಾರಿ ಓಡಿಲ್ಲದವನಿಗೆ ಮೂರು ಲ್ಯಾಪ್ ಮುಂಚೆ ಹೊರಡುವ ಧೈರ್ಯ ಬರುತ್ತಿತ್ತಾ? ನನಗಂತೂ ಅನುಮಾನ.

ಮಗೀ ಟೈಮಿಂಗ್ 2 ಗಂಟೆ 17 ನಿಮಿಷ 18 ಸೆಕೆಂಡ್. ಅದೇ ವರ್ಷ ಜಪಾನ್‌ನ ಫುಕುವೋಕಾ ಮ್ಯಾರಥಾನ್ ಕೂಡ ಗೆದ್ದರು.

ರೋಮ್ ಕಥೆ ಎಷ್ಟೇ ದೊಡ್ಡದಾದರೂ ನನಗೆ ಅದಕ್ಕಿಂತ ಬಲವಾದ ಸಾಕ್ಷಿ ಸಿಕ್ಕಿದ್ದು ಅದರ ಮುಂದಿನ ವರ್ಷ. 1961ರ ಡಿಸೆಂಬರ್‌ನಲ್ಲಿ ಸ್ನೆಲ್ ಒಂದು ಫುಲ್ ಮ್ಯಾರಥಾನ್ ಓಡಿದರು. 800 ಮೀಟರ್‌ನ ಒಲಿಂಪಿಕ್ ಚಾಂಪಿಯನ್! ಟೈಮ್ 2 ಗಂಟೆ 41 ನಿಮಿಷ. ಅಂದರೆ ಕಿಲೋಮೀಟರಿಗೆ ಸುಮಾರು 3 ನಿಮಿಷ 49 ಸೆಕೆಂಡ್. ಎರಡು ತಿಂಗಳೊಳಗೆ, 1962ರ ಜನವರಿ 27ರಂದು, ವಾಂಗನೂಯಿ ಊರಿನ ಹುಲ್ಲಿನ ಟ್ರ್ಯಾಕಿನಲ್ಲಿ ಒಂದು ಮೈಲಿಯನ್ನು 3 ನಿಮಿಷ 54.4 ಸೆಕೆಂಡಿನಲ್ಲಿ ಓಡಿದರು. ಆಸ್ಟ್ರೇಲಿಯಾದ ಹರ್ಬ್ ಎಲಿಯಟ್ ಅವರ ವಿಶ್ವದಾಖಲೆ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಮುರಿಯಿತು. ಒಂದೇ ವಾರ ಕಳೆದು ಕ್ರೈಸ್ಟ್‌ಚರ್ಚ್‌ನಲ್ಲಿ, ಅದೂ ಹುಲ್ಲಿನ ಮೇಲೆ, 800 ಮೀಟರ್ 1 ನಿಮಿಷ 44.3 ಸೆಕೆಂಡ್. ಅದೂ ವಿಶ್ವದಾಖಲೆ. ಆರು ದಶಕಕ್ಕೂ ಹೆಚ್ಚು ಕಾಲ, 2024ರವರೆಗೆ, ನ್ಯೂಜಿಲೆಂಡ್‌ನಲ್ಲಿ ಅದನ್ನು ಮೀರಿಸುವವರು ಬರಲಿಲ್ಲ.

ಉದ್ದ ಓಡಿದರೆ ವೇಗ ಸಾಯುತ್ತದೆ ಅಂತ ನಮ್ಮ ಗುಂಪಿನಲ್ಲೂ ಹೇಳುವವರು ಇದ್ದಾರೆ. ನಾನು ಪ್ರತಿ ಸಲ ಈ ಎರಡು ತಿಂಗಳ ಕಥೆ ಹೇಳುತ್ತೇನೆ.

ಇದು ಹೇಗೆ ಸಾಧ್ಯ? ಆಗ ಲಿಡಿಯಾರ್ಡ್ ಹತ್ತಿರ ಪ್ರಯೋಗಾಲಯ ಇರಲಿಲ್ಲ, ಅನುಭವ ಇತ್ತು. ಕಾರಣ ಆಮೇಲೆ ಗೊತ್ತಾಗುತ್ತಾ ಬಂತು. 800 ಮೀಟರ್‌ನಂಥ ಚಿಕ್ಕ ರೇಸಿನಲ್ಲೂ ಬೇಕಾಗುವ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಆಮ್ಲಜನಕ ಬಳಸಿಕೊಂಡೇ ಹುಟ್ಟುತ್ತದೆ. 5000 ಮೀಟರ್‌ಗೆ ಬಂದರೆ ಹತ್ತರಲ್ಲಿ ಒಂಬತ್ತು ಪಾಲಿಗೂ ಮೇಲೆ. ಮ್ಯಾರಥಾನ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ. ಹಾಗಾಗಿ ಹೃದಯ, ರಕ್ತನಾಳ, ಸ್ನಾಯು ಇವುಗಳನ್ನು ಉದ್ದ ಓಟದಿಂದ ಬಲಪಡಿಸಿದರೆ ಮೂರು ರೇಸಿಗೂ ಲಾಭ. ಗುಂಪಿನ ಎಲ್ಲರಿಗೂ ಒಂದೇ ಬುನಾದಿ ಸರಿಹೋಗಿದ್ದು ಇದರಿಂದ.

ಸ್ನೆಲ್ ಓಟ ಬಿಟ್ಟ ಮೇಲೆ ಅಮೆರಿಕಕ್ಕೆ ಓದಲು ಹೋದರು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದರು, ಆಮೇಲೆ ಡಲ್ಲಾಸ್‌ನಲ್ಲಿ ದೇಹ ದುಡಿಯುವ ರೀತಿಯ ಮೇಲೆ ಸಂಶೋಧನೆ ಮಾಡಿದರು. ಅವರೇ ಕೊಟ್ಟ ವಿವರಣೆ ಹೀಗಿದೆ. ನಮ್ಮ ಸ್ನಾಯುಗಳಲ್ಲಿ ನಿಧಾನವಾಗಿ ದುಡಿಯುವ ಎಳೆಗಳೂ ಇವೆ, ಚುರುಕಾಗಿ ದುಡಿಯುವ ಎಳೆಗಳೂ ಇವೆ. ಹದವಾದ ವೇಗದಲ್ಲಿ ಓಡುವಾಗ ಮೊದಲು ದುಡಿಯುವುದು ನಿಧಾನದವು. ಎರಡು ಗಂಟೆ ಓಡಿದ ಮೇಲೆ ಅವುಗಳಲ್ಲಿ ಕೂಡಿಟ್ಟ ಗ್ಲೈಕೊಜೆನ್ ಅನ್ನುವ ಇಂಧನ ಖಾಲಿಯಾಗುತ್ತಾ ಬರುತ್ತದೆ. ಆಗ ದೇಹ ಚುರುಕು ಎಳೆಗಳನ್ನು ಕೆಲಸಕ್ಕೆ ಎಳೆಯುತ್ತದೆ. ಹೀಗೆ ಜೋರಾಗಿ ಓಡದೆಯೇ, 35 ಕಿಲೋಮೀಟರಿನ ಕೊನೆಯ ಭಾಗದಲ್ಲಿ, ವೇಗದ ಎಳೆಗಳಿಗೂ ತಾಳಿಕೆ ಬರುತ್ತದೆ. ತಾನು ಹುಡುಗನಾಗಿದ್ದಾಗ ಯಾಕೆ ಆ ಬೆಟ್ಟ ಹತ್ತಿದೆ ಅನ್ನುವುದಕ್ಕೆ ಉತ್ತರವನ್ನು ಅದೇ ಮನುಷ್ಯ ಲ್ಯಾಬ್‌ನಲ್ಲಿ ಹುಡುಕಿಕೊಂಡರು. ಇದು ನನಗೆ ಬಹಳ ಇಷ್ಟವಾದ ಭಾಗ.

ಈ ಅಲೆ ಮೂವರಿಗೇ ನಿಲ್ಲಲಿಲ್ಲ. ಆಕ್ಲೆಂಡ್‌ನವರೇ ಆದ ಬಿಲ್ ಬೈಲಿ 1963ರಲ್ಲಿ 20 ಕಿಲೋಮೀಟರ್ ಟ್ರ್ಯಾಕ್ ಓಟದಲ್ಲೂ ಒಂದು ಗಂಟೆಯ ಓಟದಲ್ಲೂ ವಿಶ್ವದಾಖಲೆ ಮಾಡಿದರು. ಒಂದು ಗಂಟೆಯಲ್ಲಿ 20 ಕಿಲೋಮೀಟರ್ ದಾಟಿದ್ದರು. 1964ರಲ್ಲಿ ಟೋಕಿಯೊದಲ್ಲಿ ಸ್ನೆಲ್ 800 ಮತ್ತು 1500 ಎರಡರಲ್ಲೂ ಚಿನ್ನ ಗೆದ್ದರು. ಆ 1500ರಲ್ಲಿ ಮೂರನೆಯವರಾದ ಜಾನ್ ಡೇವಿಸ್ ಕೂಡ ಲಿಡಿಯಾರ್ಡ್ ಶಿಷ್ಯರೇ.

ಇದೇ ವರ್ಷದ ಇನ್ನೊಂದು ಹೆಸರು ಯಾಕೋ ಹೆಚ್ಚು ಜನರಿಗೆ ತಲುಪಿಲ್ಲ. ಮಿಲ್ಲಿ ಸ್ಯಾಂಪ್ಸನ್, ಒವೈರಾಕಾ ಕ್ಲಬ್ ಸದಸ್ಯೆ. ಆಗ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಇದ್ದ ಅತಿ ಉದ್ದದ ಓಟ 800 ಮೀಟರ್. ಮ್ಯಾರಥಾನ್ ಬಂದದ್ದು ಇಪ್ಪತ್ತು ವರ್ಷ ಕಳೆದು, 1984ರಲ್ಲಿ. ಅಂಥ ಕಾಲದಲ್ಲಿ, 1964ರಲ್ಲಿ, ಸ್ಯಾಂಪ್ಸನ್ ಆಕ್ಲೆಂಡ್‌ನಲ್ಲಿ ಮ್ಯಾರಥಾನ್ ಓಡಿ 3 ಗಂಟೆ 19 ನಿಮಿಷ 33 ಸೆಕೆಂಡಿನಲ್ಲಿ ಮುಗಿಸಿದರು. ಅದು ಆಗ ಮಹಿಳೆಯರ ಅತ್ಯುತ್ತಮ ಸಮಯ. ಓಡು ಅಂತ ಹುರಿದುಂಬಿಸಿದವರು ಕ್ಲಬ್ಬಿನವರೇ. ಹೊರಗಿನ ನಿಯಮಗಳು ಬೇಡ ಅನ್ನುತ್ತಿದ್ದಾಗ ಜೊತೆಗೆ ಓಡುವವರು ಬಾ ಅಂದದ್ದು ಸಣ್ಣ ವಿಷಯ ಅಲ್ಲ. ಕ್ಲಬ್ ಅನ್ನುವುದು ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಸ್ನೆಲ್ ಬದಲು ಇವರ ಹೆಸರನ್ನೇ ಹೇಳುತ್ತೇನೆ.

ರೇಸೇ ಓಡದವರೂ ಇದ್ದರು. 1962ರಲ್ಲಿ ಲಿಡಿಯಾರ್ಡ್ ಬೆಂಬಲದಿಂದ ಆಕ್ಲೆಂಡ್‌ನಲ್ಲಿ ಜಾಗಿಂಗ್ ಕ್ಲಬ್ ಶುರುವಾಯಿತು. ಅದರಲ್ಲಿ ವಯಸ್ಸಾದವರು, ಹೃದಯದ ತೊಂದರೆ ಇದ್ದವರು ಕೂಡ ನಿಧಾನವಾಗಿ ಓಡುತ್ತಿದ್ದರು. ಅದೇ ವರ್ಷದ ಕೊನೆಗೆ ಅಮೆರಿಕದ ಕೋಚ್ ಬಿಲ್ ಬೊವರ್‌ಮನ್ ಬಂದರು, ಮುಂದೆ ನೈಕಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು. ಆ ಗುಂಪಿನ ಜೊತೆ ಓಡಲು ಹೋಗಿ, ಎಪ್ಪತ್ತು ದಾಟಿದ ಒಬ್ಬ ಹಿರಿಯರ ಜೊತೆ ಹೆಜ್ಜೆ ಹಾಕಲಾಗದೆ ಒದ್ದಾಡಿದರು. ಊರಿಗೆ ಮರಳಿ ಅಮೆರಿಕದಲ್ಲಿ ಜಾಗಿಂಗ್ ಹಬ್ಬಿಸಿದರು.

ಇಷ್ಟೆಲ್ಲ ಓದಿದವರು ಮಾಡುವ ತಪ್ಪು ಒಂದಿದೆ. 100 ಮೈಲಿ ಅನ್ನುವ ಸಂಖ್ಯೆಯನ್ನು ಹಿಡಿದುಕೊಂಡುಬಿಡುತ್ತಾರೆ. ನಾನೂ ಹಿಡಿದಿದ್ದೆ. ವಾರಕ್ಕೆ 40 ಕಿಲೋಮೀಟರ್ ಓಡುತ್ತಿದ್ದವನು ಎರಡೇ ತಿಂಗಳಲ್ಲಿ 80ಕ್ಕೆ ಹೋಗಿ, ಮೊಣಕಾಲಿನ ಕೆಳಗಿನ ಮೂಳೆ ನೋವಿಗೆ ಆರು ವಾರ ಕೂತೆ. ಲಿಡಿಯಾರ್ಡ್ ಹುಡುಗರು ಇಪ್ಪತ್ತರ ಆಸುಪಾಸಿನವರು, ವರ್ಷಗಳ ಕಾಲ ಮೆಲ್ಲಗೆ ಏರಿಸಿಕೊಂಡು ಬಂದವರು. ಇನ್ನೊಂದು ಮಾತು: ಗೆದ್ದವರ ಕಥೆ ಮಾತ್ರ ನಮಗೆ ಗೊತ್ತು. ಅದೇ ಬೆಟ್ಟ ಹತ್ತಿ ಕಾಲು ಕೆಡಿಸಿಕೊಂಡು ಮನೆಗೆ ಹೋದವರ ಹೆಸರು ಯಾರೂ ಬರೆದಿಡಲಿಲ್ಲ. ಸ್ನೆಲ್ ಅವರಲ್ಲಿ ಹುಟ್ಟಿನಿಂದ ಬಂದ ಶಕ್ತಿಯೂ ಇತ್ತು, ಅದನ್ನು ಯಾವ ಕೋಚೂ ಕೊಡಲಾರ.

ಹಾಗಂತ ಇದನ್ನು ಒಂದು ಊರಿನ ಅದೃಷ್ಟ ಅಂತ ತಳ್ಳಿಹಾಕಲೂ ಆಗುವುದಿಲ್ಲ. 1960ರ ದಶಕದ ಕೊನೆಗೆ ಲಿಡಿಯಾರ್ಡ್ ಫಿನ್‌ಲೆಂಡ್‌ಗೆ ಹೋಗಿ ಅಲ್ಲಿನ ಕೋಚ್‌ಗಳಿಗೆ ಇದನ್ನೇ ಹೇಳಿಕೊಟ್ಟರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಲಾಸ್ಸೆ ವಿರೆನ್ 5000 ಮತ್ತು 10,000 ಮೀಟರ್ ಗೆದ್ದರು, ಪೆಕ್ಕಾ ವಸಾಲಾ 1500 ಗೆದ್ದರು. ಮತ್ತೆ ಒಂದೇ ಬುನಾದಿ, ಬೇರೆ ಬೇರೆ ರೇಸ್.

ನಮ್ಮ ಗುಂಪಿನಲ್ಲಿ ಈ ಸೀಸನ್ ಬದಲಾಯಿಸಿದ್ದು ಇಷ್ಟು. ರೇಸಿಗೆ ಮುಂಚಿನ ಮೊದಲ ಮೂರು ತಿಂಗಳು ಭಾನುವಾರದ ಲಾಂಗ್ ರನ್ ಎಲ್ಲರಿಗೂ ಒಂದೇ ದಾರಿ, ಮಾತಾಡಿಕೊಂಡು ಓಡುವಷ್ಟು ವೇಗ. ದೂರ ಮಾತ್ರ ಅವರವರ ಕಾಲಿಗೆ ತಕ್ಕಷ್ಟು. ಆಮೇಲೆ ಮಂಗಳವಾರ, ಗುರುವಾರದ ಜೋರು ಓಟ ರೇಸಿನ ಪ್ರಕಾರ ಬೇರೆ ಬೇರೆ. 5 ಕಿಲೋಮೀಟರ್ ಓಡುವ ನಮ್ಮ ಸದಸ್ಯೆಯೊಬ್ಬರು ಮೊದಲು ಒಪ್ಪಲಿಲ್ಲ. ನನಗೆ ಬೇಕಾಗಿರುವುದು ಇಪ್ಪತ್ತೈದು ನಿಮಿಷದ ಓಟ, ಎರಡು ಗಂಟೆ ಯಾಕೆ ಓಡಲಿ ಅಂತ ನೇರವಾಗಿ ಕೇಳಿದರು. ಸ್ನೆಲ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಹನ್ನೆರಡು ಕಿಲೋಮೀಟರ್‌ವರೆಗೆ ಬರುತ್ತೇನೆ, ಅಲ್ಲಿಂದ ನೀವು ಮುಂದೆ ಹೋಗಿ ಅಂದರು. ಹೋದ ಭಾನುವಾರ ಹದಿನಾಲ್ಕರವರೆಗೆ ನಮ್ಮ ಜೊತೆಗೇ ಇದ್ದರು.